ಕೆಲಸದ ಮೇಜಿನ ಮೇಲಿನ ಬೆಳಕು

14 ನವೆಂಬರ್ 2024, ಗುರುವಾರ

ಬೆಳಿಗ್ಗೆ ಕಾರ್ಯಾಗಾರದ ಸ್ವಿಚ್ ಒತ್ತಿದಾಗ ಆರು ಟ್ಯೂಬ್‌ಲೈಟ್‌ಗಳ ಪೈಕಿ ನಾಲ್ಕು ಮಾತ್ರ ಹತ್ತಿದವು. ಐದನೆಯದು ಹತ್ತು ನಿಮಿಷ ಮಿನುಗುತ್ತಲೇ ಇದ್ದು ಆರಿಹೋಯಿತು. ಆರನೆಯದರ ಎರಡೂ ತುದಿಗಳು ಕಪ್ಪಿಟ್ಟು ತಿಂಗಳಾಗಿದೆ. ಸ್ಟಾರ್ಟರ್ ಬದಲಿಸೋಣವೆಂದು ಏಣಿ ಹತ್ತಿ ಕೈಯಿಟ್ಟರೆ, ಬಿಸಿಗೆ ಒಣಗಿ ಹಳದಿಗಟ್ಟಿದ್ದ ಹೋಲ್ಡರ್‌ನ ಚೂರೊಂದು ಬೆರಳುಗಳ ನಡುವೆಯೇ ಪುಡಿಯಾಯಿತು.

ಟ್ಯೂಬ್ ಕೂರಿಸುವ ಹಳೆಯ ಪಟ್ಟಿಗಳನ್ನು ಹಾಗೆಯೇ ಉಳಿಸಿಕೊಂಡು ಎಲ್‌ಇಡಿ ಟ್ಯೂಬ್‌ಗಳನ್ನಷ್ಟೇ ಹಾಕುವುದು ಇಷ್ಟು ದಿನ ನನ್ನ ಮನಸ್ಸಿನಲ್ಲಿದ್ದ ಉಪಾಯ. 36 ವ್ಯಾಟ್‌ನ ಟ್ಯೂಬ್ ಇದ್ದ ಕಡೆ 18 ಅಥವಾ 20 ವ್ಯಾಟ್‌ನದು ಸಾಕಾಗುತ್ತದೆ, ಚೋಕ್ ನುಂಗುವ ವಿದ್ಯುತ್ತೂ ಉಳಿಯುತ್ತದೆ. ಆದರೆ ಚೋಕ್ ತೆಗೆದು ನೇರ ಸಂಪರ್ಕ ಕೊಡುವಾಗ ಕೆಲವು ಟ್ಯೂಬ್‌ಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ತುದಿಗೆ ಬರಬೇಕು, ಇನ್ನು ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಮುಟ್ಟಿದರೆ ಉದುರುವ ಹೋಲ್ಡರ್‌ಗಳನ್ನು ನಂಬಿ ಇಂತಹ ಬದಲಾವಣೆ ಮಾಡಲು ನನಗೆ ಧೈರ್ಯವಿಲ್ಲ.

ಸಂಜೆ ಕತ್ತಲಾದ ಮೇಲೆ ಬೆಳಕಿನ ಪ್ರಮಾಣ ಅಳೆಯುವ ಲಕ್ಸ್ ಮೀಟರನ್ನು, ಕೆಲಸದ ತುಂಡನ್ನು ಬಿಗಿಹಿಡಿಯುವ ವೈಸ್‌ನ ದವಡೆಯ ಮೇಲಿಟ್ಟು ನೋಡಿದೆ: 190 ಲಕ್ಸ್. ಎಂದಿನಂತೆ ಅರದ ಕೆಲಸಕ್ಕೆ ನಿಲ್ಲುವ ಭಂಗಿಯಲ್ಲಿ ಬಗ್ಗಿ ನಿಂತು ಮತ್ತೆ ನೋಡಿದರೆ 110. ಸಾಧಾರಣ ಯಂತ್ರಗೆಲಸಕ್ಕೆ 300, ಒಂದು ಮಿಲಿಮೀಟರಿನ ಹತ್ತನೇ ಭಾಗಕ್ಕಿಂತ ಸೂಕ್ಷ್ಮವಾದ ಕೆಲಸಕ್ಕೆ 500 ಲಕ್ಸ್ ಬೇಕೆಂದು ಯುರೋಪಿನ ಮಾನದಂಡ ಹೇಳುತ್ತದೆ. ದೀಪಗಳೆಲ್ಲ ಕೋಣೆಯ ನಡುವಿನ ಸಾಲಿನಲ್ಲಿ, ಅಂದರೆ ನನ್ನ ಬೆನ್ನ ಹಿಂದೆ ಇರುವುದರಿಂದ, ಉಕ್ಕಿನ ಮೇಲೆ ಗೀರಿದ ಗುರುತು ನನ್ನ ತಲೆಯ ನೆರಳಿನಲ್ಲೇ ಮುಳುಗಿರುತ್ತದೆ. ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್‌ನ ಯಾವ ಗೆರೆ ಯಾವುದಕ್ಕೆ ಕೂಡಿದೆ ಎಂದು ತಿಳಿಯಲು ಅದನ್ನು ಕಿಟಕಿಯ ಬಳಿಗೆ ಒಯ್ಯುವ ಅಭ್ಯಾಸ ನನಗೆ ಅಂಟಿಕೊಂಡದ್ದು ಹೀಗೆ. ನಾನು ಮಾತ್ರ ಇಷ್ಟು ಕಾಲ ಕನ್ನಡಕವನ್ನೇ ದೂರುತ್ತಿದ್ದೆ. ಇದೇ ಜಾಗದಲ್ಲಿ ಎಷ್ಟೇ ಪ್ರಖರವಾದ ಟ್ಯೂಬ್ ಹಾಕಿದರೂ ಆ ನೆರಳು ಅಲ್ಲಿಂದ ಕದಲುವುದಿಲ್ಲ.

ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರವಾದ ಲೇತ್‌ನ ವಿಷಯ ಇನ್ನೂ ಗಂಭೀರವಾದದ್ದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಚೋಕ್ ಇರುವ ಟ್ಯೂಬ್‌ನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಆ ತುಂಡನ್ನು ಹಿಡಿದು ತಿರುಗುವ ಮೂರು ದವಡೆಗಳ ಚಕ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 100 ದವಡೆಗಳು ಕಣ್ಣೆದುರು ಹಾದುಹೋಗುತ್ತವೆ. ಎರಡೂ ಲೆಕ್ಕ ಸರಿಹೊಂದಿದ ಆ ವೇಗದಲ್ಲಿ ಚಕ್ ನಿಂತೇ ಇರುವಂತೆ ತೋರಬಹುದು. ಒಮ್ಮೆ ನನ್ನ ಕೈ ಅದರ ಕಡೆಗೆ ಅರ್ಧ ಚಾಚಿತ್ತು. ಮೋಟರಿನ ಸದ್ದು ಕಿವಿಗೆ ಬಿದ್ದು ಹಿಂದೆಗೆದುಕೊಂಡ ಆ ಗಳಿಗೆ ಇಂದಿಗೂ ಮರೆತಿಲ್ಲ. ಎಲ್‌ಇಡಿ ಆದಾಕ್ಷಣ ಈ ದೋಷ ತಪ್ಪಿತೆಂದೂ ಅಲ್ಲ, ಏಕೆಂದರೆ ಒಳಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಡ್ರೈವರ್ ಕಳಪೆಯಾಗಿದ್ದರೆ ಅದೂ ಹಾಗೆಯೇ ಮಿಡಿಯುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ದೀಪದ ಕೆಳಗೆ ಸ್ಟೀಲ್ ಸ್ಕೇಲನ್ನು ಜೋರಾಗಿ ಬೀಸಿ ನೋಡುತ್ತೇನೆ; ಅದು ಒಂದೇ ಮಸುಕಾಗಿ ಕಾಣದೆ ಬಿಡಿಬಿಡಿ ಸ್ಕೇಲುಗಳಾಗಿ ಕಂಡರೆ ಆ ದೀಪ ನನಗೆ ಬೇಡ.

ಹೀಗಾಗಿ ಪಟ್ಟಿಗಳನ್ನೂ ಅವುಗಳ ಜಾಗವನ್ನೂ ಬದಲಿಸುವುದೆಂದು ತೀರ್ಮಾನಿಸಿದ್ದೇನೆ. ಒಂದು ಸಾಲು ಮೇಜಿನ ಮುಂಭಾಗದ ಅಂಚಿನ ನೇರಕ್ಕೆ, ಇನ್ನೊಂದು ಕೋಣೆಯ ನಡುವೆ, ಲೇತ್‌ಗೆ ಅದರದ್ದೇ ದೀಪ. ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಎಂದು ಹೇಳುವ ಬಣ್ಣದ ತಾಪ 4000 ಕೆಲ್ವಿನ್ ಸಾಕು. ವಸ್ತುಗಳ ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಸೂಚ್ಯಂಕ ಮಾತ್ರ 90ಕ್ಕೆ ಕಡಿಮೆಯಿರಬಾರದು, ಏಕೆಂದರೆ ಉಕ್ಕನ್ನು ಕಾಯಿಸಿ ಹದಗೊಳಿಸುವಾಗ ಅದರ ಮೇಲೆ ಮೂಡುವ ಒಣಹುಲ್ಲಿನ ಹಳದಿ ಕಂದು ಬಣ್ಣಕ್ಕೆ ತಿರುಗುವ ಕ್ಷಣವನ್ನು ಕಣ್ಣು ತಪ್ಪಿಸಿಕೊಂಡರೆ ಉಳಿಯ ಅಲಗು ಮೆತ್ತಗಾಗುತ್ತದೆ.

ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಕೈಗೊಂಡ ನಿರ್ಣಯದಂತೆ ನನ್ನ ಹಳೆಯ ದೀಪಗಳಂತಹ ಟ್ಯೂಬ್‌ಗಳ ತಯಾರಿಕೆಯೇ 2027ರ ಹೊತ್ತಿಗೆ ನಿಲ್ಲಬೇಕಾಗಿರುವುದರಿಂದ ಹಳೆಯ ಬಗೆಯವನ್ನು ಕೊಂಡಿಡುವ ಮಾತೂ ಇಲ್ಲ. ಒಳಗೆ ಪಾದರಸವಿರುವ ಕಾರಣ, ಇಳಿಸಿದ ಎರಡನ್ನೂ ಒಡೆಯದಂತೆ ರಟ್ಟಿನಲ್ಲಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದೇನೆ. ಮಲಗುವ ಮುನ್ನ ಮತ್ತೊಮ್ಮೆ ಏಣಿ ಹತ್ತಿ, ಹೊಸ ಸಾಲು ಬರಬೇಕಾದ ನೇರಕ್ಕೆ ಸೂರಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಬಂದೆ.