ಒರಟು ಗಾರೆಯ ಗೋಡೆಗೊಂದು ಬ್ರಶ್ಶು

ಪಾಂಡವಪುರ ತಾಲ್ಲೂಕಿನಲ್ಲಿರುವ ನನ್ನ ತವರುಮನೆಯ ಮೂಡಣ ಗೋಡೆಗೆ ಸಂಕ್ರಾಂತಿಯೊಳಗೆ ಬಣ್ಣ ಹೊಡೆದು ಮುಗಿಸಬೇಕೆಂದು, ಡಿಸೆಂಬರಿನ ಕೊನೆಯ ವಾರ ರಜೆ ಹಾಕಿ ಮೈಸೂರಿನಿಂದ ಊರಿಗೆ ಹೋಗಿದ್ದೆ. ಕಬ್ಬು ಕಡಿಯುವ ಕಾಲವಾದ್ದರಿಂದ ಕೆಲಸಕ್ಕೆ ಜನ ಸಿಗುವುದು ಕಷ್ಟವಿತ್ತು. ಗೋಡೆ ದೊಡ್ಡದೇನೂ ಅಲ್ಲ, ಏಣಿ ಮನೆಯಲ್ಲೇ ಇತ್ತು. ನಾನೇ ಹೊಡೆಯುವೆನೆಂದು ಅವ್ವನಿಗೆ ಹೇಳಿದೆ.

ಮೂವತ್ತು ವರ್ಷಗಳ ಹಿಂದೆ ಅಪ್ಪ ಕಟ್ಟಿಸಿದ ಆ ಗೋಡೆಯ ಹೊರಮೈ ನಯವಾದುದಲ್ಲ. ಕೆಳಗೆ ಮೂರಡಿಯವರೆಗೆ ಸೈಜುಗಲ್ಲು. ಅದರ ಮೇಲೆ, ದಪ್ಪ ಮರಳು ಬೆರೆಸಿದ ಸಿಮೆಂಟನ್ನು ಕರಣೆಯಿಂದ ಎರಚಿ ಹಾಗೆಯೇ ಬಿಟ್ಟ ಒರಟು ಗಾರೆ. ಅಂಗೈಯಿಂದ ಸವರಿದರೆ ಚರ್ಮ ತರಚುತ್ತದೆ. ಮಳೆಗಾಲದ ಪಾಚಿಯನ್ನು ತಂತಿಬ್ರಶ್ಶಿನಿಂದ ಉಜ್ಜಿ ತೆಗೆದು, ತೊಳೆದು, ಎರಡು ದಿನ ಒಣಗಲು ಬಿಟ್ಟು, ಮೂರನೆಯ ದಿನ ಮಧ್ಯಾಹ್ನ ಬಿಸಿಲು ಮನೆಯ ಆಚೆ ಬದಿಗೆ ತಿರುಗಿದ ಮೇಲೆ ಪ್ರೈಮರ್ ಹೊಡೆಯಲು ಆರಂಭಿಸಿದೆ. ಬಿಸಿಲು ನೇರವಾಗಿ ಬೀಳುವ ಗೋಡೆಯ ಮೇಲೆ ನೀರಿನ ಬಣ್ಣವು ಹರಡುವ ಮೊದಲೇ ಒಣಗಿಬಿಡುತ್ತದೆಂಬುದು ನನಗೆ ತಿಳಿದಿತ್ತು. ಕೈಯಲ್ಲಿದ್ದದ್ದು ಬಾಗಿಲು ಕಿಟಕಿಗಳಿಗೆಂದು ಹಿಂದಿನ ವರ್ಷ ಕೊಂಡಿದ್ದ ನಾಲ್ಕಿಂಚಿನ ಬ್ರಶ್ಶು. ಬೆಲೆ ಕೊಟ್ಟು ತಂದ ಒಳ್ಳೆಯ ಬ್ರಶ್ಶೇ ಅದು. ಕಿಟಕಿಯ ಚೌಕಟ್ಟಿನ ಮೇಲೆ ಒಂದು ಗೆರೆಯನ್ನೂ ಉಳಿಸದೆ ಬಣ್ಣವನ್ನು ನುಣ್ಣಗೆ ಹಾಸಿತ್ತು.

ಸಂಜೆಯ ಹೊತ್ತಿಗೆ ಗೋಡೆ ಬೆಳ್ಳಗಾಗಿತ್ತು. ಅಲ್ಲಲ್ಲಿ ಕಾಣುತ್ತಿದ್ದ ಕಪ್ಪು ಚುಕ್ಕೆಗಳನ್ನು ಗಾರೆಯ ಉಬ್ಬುತಗ್ಗುಗಳ ನೆರಳೆಂದು ಭಾವಿಸಿದೆ. ಮರುದಿನ ಬೆಳಿಗ್ಗೆ ಏಳರ ಎಳೆಬಿಸಿಲು ಗೋಡೆಗೆ ಎದುರಾಗಿ ಬಿದ್ದಾಗ ಅವು ನೆರಳಲ್ಲವೆಂದು ತಿಳಿಯಿತು. ಉಬ್ಬುಗಳ ತಲೆಗೆ ಮಾತ್ರ ಪ್ರೈಮರ್ ಹತ್ತಿತ್ತು. ಪ್ರತಿಯೊಂದು ಗುಳಿಯ ತಳದಲ್ಲಿಯೂ ಹಳೆಯ ಸಿಮೆಂಟು ಬೂದು ಬಣ್ಣದಲ್ಲಿ ಬರಿದಾಗಿ ಉಳಿದಿತ್ತು. ಮಳೆಯ ನೀರು ಮೊದಲು ಹೋಗಿ ನಿಲ್ಲುವುದು ಆ ಗುಳಿಗಳಲ್ಲಿಯೇ, ಪಾಚಿ ಬೇರೂರುವುದೂ ಅಲ್ಲಿಯೇ. ಎಂದಮೇಲೆ ಎಲ್ಲಿ ಹೊದಿಕೆ ಬೇಕಾಗಿತ್ತೋ ಅಲ್ಲಿಯೇ ಅದು ಇರಲಿಲ್ಲ. ಅಲ್ಲದೆ ಒರಟು ಮೈಗೆ ಉಜ್ಜಿಕೊಂಡು ಬ್ರಶ್ಶಿನ ಕೂದಲುಗಳು ಮುರಿದು, ಪ್ರೈಮರಿನ ಜೊತೆಗೇ ಗೋಡೆಗೆ ಅಂಟಿ ಒಣಗಿದ್ದವು.

ಹಿಂದಿನ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಗಾರೆ ಕೆಲಸವನ್ನೂ ಬಣ್ಣದ ಕೆಲಸವನ್ನೂ ಆಯುಷ್ಯವಿಡೀ ಮಾಡಿದವರು, ಈಗ ಏಣಿ ಹತ್ತುವುದಿಲ್ಲ. ಅವರನ್ನು ನಾನು ಚಿಕ್ಕಂದಿನಿಂದಲೂ ಮಾವ ಎಂದೇ ಕರೆಯುವುದು. ಅವರು ಬಂದು ಗೋಡೆಯನ್ನು ನೋಡಲಿಲ್ಲ, ಮೊದಲು ಬ್ರಶ್ಶನ್ನು ಕೈಗೆತ್ತಿಕೊಂಡರು.

“ಇದು ಬಾಗ್ಲು ಕಿಟಕಿಗೆ ಆಯಿಲ್ ಪೇಂಟ್ ಹೊಡಿಯೋ ಬ್ರಶ್ಶು ಕಣವ್ವ. ಇದ್ರ ಕೂದ್ಲು ನೀರು ಕುಡುದ್ರೆ ಮೆತ್ತಗಾಯ್ತದೆ, ಗುಳಿಯೊಳಕ್ಕೆ ಹೋಗಾಕಿಲ್ಲ,” ಎಂದರು.

ಅವರ ಮಾತಿನ ಕಾರಣವನ್ನು ಬಿಡಿಸಿ ಹೇಳಬಹುದು. ನನ್ನ ಬ್ರಶ್ಶು ಹಂದಿಯ ಬಿರುಗೂದಲಿನದು. ಪ್ರಾಣಿಯ ಕೂದಲು ನೀರನ್ನು ಹೀರಿ ಉಬ್ಬುತ್ತದೆ, ಹೀರಿದಷ್ಟೂ ಬಿಗಿ ಕಳೆದುಕೊಂಡು ಬಾಗುತ್ತದೆ. ಎಣ್ಣೆಯ ಬಣ್ಣದಲ್ಲಿ ಈ ತೊಂದರೆಯಿಲ್ಲವಾದ್ದರಿಂದ ಅಲ್ಲಿ ಅದಕ್ಕೆ ಸಾಟಿಯಿಲ್ಲ. ಈಗಿನ ಪ್ರೈಮರುಗಳೂ ಹೊರಗೋಡೆಯ ಎಮಲ್ಷನ್ನುಗಳೂ ಹೆಚ್ಚಾಗಿ ನೀರಿನವು. ಅವುಗಳಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳ ಬ್ರಶ್ಶೇ ಬೇಕು, ಏಕೆಂದರೆ ಅವು ಇಡೀ ಮಧ್ಯಾಹ್ನ ನೆನೆದರೂ ಬಹುಮಟ್ಟಿಗೆ ಮೊದಲಿನ ಬಿಗಿಯಲ್ಲಿಯೇ ಇರುತ್ತವೆ ಮತ್ತು ಒರಟು ಸಿಮೆಂಟಿನ ಉಜ್ಜುವಿಕೆಯನ್ನು ಕೂದಲಿಗಿಂತ ಹೆಚ್ಚು ತಾಳುತ್ತವೆ. ಗುಳಿಯೊಳಕ್ಕೆ ಬಣ್ಣವನ್ನು ಚುಚ್ಚಿ ತಳ್ಳಬೇಕಾದ ಕೆಲಸಕ್ಕೆ ಬಿಗಿಯೇ ಮುಖ್ಯ, ನಯವಲ್ಲ.

ಅಂದೇ ಮಾವನನ್ನು ಕರೆದುಕೊಂಡು ಪಾಂಡವಪುರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅವರು ಹೆಸರನ್ನಾಗಲಿ ಬೆಲೆಯನ್ನಾಗಲಿ ಕೇಳದೆ ಒಂದೊಂದೇ ಬ್ರಶ್ಶನ್ನು ಅಂಗೈಗೆ ಒತ್ತಿ, ಬಾಗಿದ ಎಳೆಗಳು ಕೂಡಲೇ ನೆಟ್ಟಗಾಗುತ್ತವೆಯೇ ಎಂದು ನೋಡಿದರು. ಅನಂತರ ಎಳೆಗಳನ್ನು ನಡುವೆ ಬಿಡಿಸಿ ಬುಡವನ್ನು ತೋರಿಸಿದರು. ಒಂದರಲ್ಲಿ ತಗಡಿನ ಪಟ್ಟಿಯ ಒಳಗೆ ಅಗಲವಾದ ಮರದ ತುಂಡನ್ನು ತುರುಕಿ, ಸುತ್ತಲೂ ತೆಳ್ಳಗೆ ಎಳೆ ಕೂಡಿಸಿದ್ದರು. ಹೊರಗಿನಿಂದ ದಪ್ಪವಾಗಿ ಕಂಡರೂ ಒಳಗೆ ಟೊಳ್ಳು. ಮತ್ತೊಂದರಲ್ಲಿ ಮೆಲ್ಲಗೆ ಎಳೆದರೆ ನಾಲ್ಕಾರು ಎಳೆಗಳು ಕೈಗೇ ಬಂದವು. ಕೊನೆಗೆ ಆರಿಸಿದ್ದು ಐದಿಂಚು ಅಗಲದ, ಎಳೆಗಳ ತುದಿ ಸೀಳಿರುವ ದಪ್ಪ ನೈಲಾನ್ ಬ್ರಶ್ಶು. ತುದಿ ಸೀಳಿದ್ದರೆ ಅದು ಹೆಚ್ಚು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಣ್ಣ ರಂಧ್ರಗಳಿಗೂ ತಲುಪುತ್ತದೆ. ಆರಿಂಚಿನದೂ ಅಲ್ಲಿತ್ತು, ಬಣ್ಣ ತುಂಬಿಕೊಂಡಾಗ ಅದರ ಭಾರವನ್ನು ನನ್ನ ಮಣಿಕಟ್ಟು ತಾಳಲಾರದೆಂದು ಮಾವನೇ ಬೇಡವೆಂದರು. ಬಣ್ಣಕ್ಕೆ ಸಾವಿರಗಟ್ಟಲೆ ಸುರಿದು ಬ್ರಶ್ಶಿನಲ್ಲಿ ನೂರು ರೂಪಾಯಿ ಉಳಿಸಲು ಹೋಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ; ಅದು ಸರಿಯಲ್ಲವೆಂದು ಅಂದಿನಿಂದ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಅಂಗಡಿಯ ಹುಡುಗ ರೋಲರನ್ನೂ ತೋರಿಸಿದ. ಸಾಮಾನ್ಯ ರೋಲರಿನ ಗಿಡ್ಡ ಎಳೆ ಉಬ್ಬುಗಳ ಮೇಲೆಯೇ ಉರುಳಿ ಹೋಗುತ್ತದೆ. ಇಂತಹ ಗೋಡೆಗೆ ಸುಮಾರು 18 ಮಿಲಿಮೀಟರಾದರೂ ಉದ್ದದ ಎಳೆಯಿರುವ ರೋಲರ್ ಬೇಕು. ಅದು ಅಲ್ಲಿರಲಿಲ್ಲ. ಇದ್ದಿದ್ದರೂ ಸೈಜುಗಲ್ಲಿನ ಸಂದುಗಳಿಗೆ ಬ್ರಶ್ಶೇ ಆಗಬೇಕಿತ್ತು.

ಹೊಸ ಬ್ರಶ್ಶನ್ನು ಅಂದು ರಾತ್ರಿ ತೊಳೆದು, ಸಡಿಲ ಎಳೆಗಳನ್ನು ಉಜ್ಜಿ ಉದುರಿಸಿ, ಒಣಗಲು ಮೊಳೆಗೆ ನೇತುಹಾಕಲು ಹಿತ್ತಲಿನ ಕೊಟ್ಟಿಗೆಗೆ ಹೋದಾಗ ಅಲ್ಲಿ ಅಪ್ಪನ ಸುಣ್ಣದ ಬ್ರಶ್ಶು ತೂಗುತ್ತಿತ್ತು. ಕತ್ತಾಳೆಯ ನಾರನ್ನು ಹಿಡಿಗೆ ಬಿಗಿದು ಕಟ್ಟಿದ್ದು ಅದು. ಅಪ್ಪ ಕೊಟ್ಟಿಗೆಗೆ ಸುಣ್ಣ ಬಳಿಯುವ ಹಿಂದಿನ ರಾತ್ರಿ ಅದನ್ನು ನೀರಿನಲ್ಲಿ ನೆನೆಹಾಕುತ್ತಿದ್ದರು. ನೆನೆದ ನಾರು ಮುರಿಯದೆ ಬಳುಕುತ್ತದೆ, ಆದರೂ ಮಣ್ಣುಗೋಡೆಯ ಬಿರುಕಿಗೆ ಸುಣ್ಣವನ್ನು ತುಂಬುವಷ್ಟು ಗಡುಸಾಗಿರುತ್ತದೆ. ಪೇಟೆಯ ಕೂದಲಿನ ಬ್ರಶ್ಶನ್ನು ಅವರು ಸುಣ್ಣಕ್ಕೆ ಮುಟ್ಟಿಸುತ್ತಿರಲಿಲ್ಲ. ಸುಣ್ಣದ ನೀರಿನ ಕ್ಷಾರತೆ ಪಿಎಚ್ ಅಳತೆಯಲ್ಲಿ 12ನ್ನು ದಾಟುತ್ತದೆ. ಅಷ್ಟು ಕ್ಷಾರದಲ್ಲಿ ಪ್ರಾಣಿಯ ಕೂದಲು ಕರಗಿ ಹಾಳಾಗುತ್ತದೆ, ಗಿಡದ ನಾರು ತಾಳಿಕೊಳ್ಳುತ್ತದೆ. ಅಪ್ಪ ಈ ಲೆಕ್ಕವನ್ನು ಓದಿದವರಲ್ಲ. ಆದರೆ ಗೋಡೆ ಯಾವುದು, ಅದರ ಮೇಲೆ ಬಳಿಯುವ ದ್ರವ ಯಾವುದು ಎಂಬ ಎರಡನ್ನೂ ನೋಡಿ ಬ್ರಶ್ಶನ್ನು ನಿರ್ಧರಿಸುತ್ತಿದ್ದರೆಂಬುದು ನನಗೆ ಆ ರಾತ್ರಿ ಕೊಟ್ಟಿಗೆಯಲ್ಲಿ ನಿಂತಾಗ ಅರ್ಥವಾಯಿತು, ಮತ್ತು ಅವರಿರುವಾಗ ಕೇಳಿ ತಿಳಿದುಕೊಳ್ಳಲಿಲ್ಲವಲ್ಲ ಎಂದು ನೋವೂ ಆಯಿತು.

ಮರುದಿನ ಮಧ್ಯಾಹ್ನ ಮಾವ ಜಗಲಿಯ ಮೇಲೆ ಕುಳಿತು ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ಎಳೆಯ ಮೂರನೆಯ ಒಂದು ಭಾಗದಷ್ಟು ಮಾತ್ರ ಅದ್ದಬೇಕು. ಬಕೆಟ್ಟಿನ ಅಂಚಿಗೆ ಒರೆಸಬಾರದು, ಒಳಬದಿಗೆ ತಟ್ಟಬೇಕು. ಒರೆಸಿದರೆ ಗುಳಿಗೆ ಬೇಕಾದ ಬಣ್ಣ ಬಕೆಟ್ಟಿಗೇ ಹಿಂದಿರುಗುತ್ತದೆ. ಮೊದಲು ಬ್ರಶ್ಶಿನ ತುದಿಯನ್ನು ಗೋಡೆಗೆ ಕುಟ್ಟಿದಂತೆ ಚುಚ್ಚಬೇಕು, ಬಳಿಕ ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ ಅಡ್ಡಾದಿಡ್ಡಿಯಾಗಿ ಎಳೆಯಬೇಕು, ಕೊನೆಗೆ ಮಾತ್ರ ಹಗುರವಾಗಿ ಒಂದೇ ದಿಕ್ಕಿಗೆ ಸವರಬೇಕು. ಒಂದು ಮೊಳ ಚೌಕ ಮುಗಿಸಿ, ಅದರ ಅಂಚು ಒಣಗುವ ಮೊದಲೇ ಮುಂದಿನದಕ್ಕೆ ಕೂಡಿಸಬೇಕು.

ಕೆಲಸ ನಿಧಾನವಾಯಿತು, ಪ್ರೈಮರೂ ಎಣಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು. ಡಬ್ಬಿಯ ಮೇಲೆ ಬರೆದಿರುವ ಚದರಡಿಯ ಲೆಕ್ಕ ನಯವಾದ ಗೋಡೆಯದು. ಒರಟು ಗೋಡೆಯಲ್ಲಿ ಪ್ರತಿ ಗುಳಿಯ ಬದಿಗಳೂ ಲೆಕ್ಕಕ್ಕೆ ಬರುತ್ತವೆ. ಅದರ ಮೇಲೆ ತೆಳುಹಳದಿಯ ಎಮಲ್ಷನ್ನನ್ನು ಎರಡು ಕೋಟು ಹೊಡೆದು ಮುಗಿಸಲು ಇನ್ನೂ ಎರಡು ದಿನ ಹಿಡಿಯಿತು.

ಹೊರಡುವ ದಿನದ ಬೆಳಿಗ್ಗೆ ಏಳು ಗಂಟೆಗೆ ಅಂಗಳಕ್ಕೆ ಬಂದು, ಬಿಸಿಲು ಗೋಡೆಗೆ ಎದುರಾಗುವವರೆಗೆ ಕಾದು ನಿಂತೆ. ಅವ್ವನೂ ಬಂದು ಪಕ್ಕದಲ್ಲಿ ನಿಂತಳು. ಕಿಟಕಿಯ ಕೆಳಗೆ ಒಂದು, ನೀರಿನ ಪೈಪಿನ ಹಿಂದೆ ಒಂದು, ಎರಡೇ ಗುಳಿಗಳು ಬಿಟ್ಟುಹೋಗಿದ್ದವು. ಮೊದಲು ಕಂಡದ್ದು ಅವ್ವನಿಗೆ. ಅವೆರಡನ್ನೂ ತುಂಬಿದ ಮೇಲೆ ಬ್ರಶ್ಶನ್ನು ತೊಳೆದೆ.