ಓತಿಯನ್ನು ಹಿಡಿಯಬೇಡಿ, ಗೂಟ ನೆಡಿ

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತ ಗಾದೆ. ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಳ್ಳುವವರನ್ನು ಹಂಗಿಸಲು ಬಳಸುತ್ತೇವೆ. ಓತಿ ನೋಡುವ ಚಟ ಹತ್ತಿದವರು ಮಾತ್ರ ಇದನ್ನು ಇದ್ದಂತೆಯೇ ತೆಗೆದುಕೊಳ್ಳುವುದು ಒಳ್ಳೆಯದು. ಬೇಲಿ ಇದ್ದಲ್ಲಿ ಓತಿ ಇರುತ್ತದೆ. ಬೇಲಿ ಕಿತ್ತು ಕಾಂಪೌಂಡ್ ಎಬ್ಬಿಸಿ, ಅಂಗಳಕ್ಕೆಲ್ಲ ಟೈಲ್ಸ್ ಹಾಕಿದ ಮೇಲೆ ಅದು ಯಾಕೆ ಬರುತ್ತದೆ?

ಸರೀಸೃಪಗಳ ಮೇಲೆ ಆಸೆ ಹುಟ್ಟಿದವರು ಮೊದಲು ಕೇಳುವುದು ಎಷ್ಟು ಅಡಿಯ ಗಾಜಿನ ತೊಟ್ಟಿ ಬೇಕು ಎಂದು. ತೊಟ್ಟಿ ಬೇಡ. ಉಡ, ನಕ್ಷತ್ರ ಆಮೆ, ನಾಗರಹಾವು ಇಂಥವನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಲ್ಲಿಗೆ ಆ ಮಾತು ಮುಗಿಯಿತು. ಉಳಿದದ್ದು ನಮ್ಮ ಬೇಲಿಯ ಓತಿ, ವೈಜ್ಞಾನಿಕ ಹೆಸರು ಕಾಲೋಟಿಸ್ ವರ್ಸಿಕಲರ್. ಅದನ್ನು ಯಾಕೆ ಹಿಡಿಯಬಾರದು ಎಂಬುದಕ್ಕೆ ಕಾನೂನಿನವರೆಗೂ ಹೋಗಬೇಕಿಲ್ಲ, ತೊಟ್ಟಿಯಲ್ಲಿ ಅದು ಬದುಕುವುದೇ ಕಷ್ಟ.

ಬಯಲಲ್ಲಿ ಹುಟ್ಟಿ ಬೆಳೆದ ಓತಿಗೆ ಗಾಜು ಗೋಡೆಯಾಗಿ ಕಾಣುವುದೇ ಇಲ್ಲ. ಆಚೆ ಬೆಳಕಿದೆ ಎಂದು ನುಗ್ಗುತ್ತದೆ, ಮತ್ತೆ ಮತ್ತೆ ಮೂತಿ ಉಜ್ಜುತ್ತದೆ, ಮೂತಿ ಕಿತ್ತು ಹುಣ್ಣಾಗುತ್ತದೆ. ಬಟ್ಟಲಲ್ಲಿ ನೀರಿಟ್ಟರೆ ಅದರ ಪಕ್ಕದಲ್ಲೇ ಕೂತು ಒಣಗುತ್ತದೆ. ಅದಕ್ಕೆ ಗೊತ್ತಿರುವುದು ಎಲೆಯ ಮೇಲಿನ ಹನಿ ನೆಕ್ಕುವುದು, ನಿಂತ ನೀರನ್ನಲ್ಲ. ಕಿಟಕಿಯ ಹತ್ತಿರ ಇಟ್ಟಿದ್ದೇನೆ, ಬಿಸಿಲು ಚೆನ್ನಾಗಿ ಬೀಳುತ್ತದೆ ಎನ್ನುವವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ವಿಟಮಿನ್ ಡಿ ತಯಾರಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿ-ಬಿ ಎಂಬ ಕಣ್ಣಿಗೆ ಕಾಣದ ಕಿರಣವನ್ನು ಸಾಧಾರಣ ಕಿಟಕಿ ಗಾಜು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಬಿಸಿ ಸಿಕ್ಕಿತು, ಕಿರಣ ಸಿಗಲಿಲ್ಲ. ಕ್ಯಾಲ್ಸಿಯಂ ಹಿಡಿಯದೆ ದವಡೆ ಮೆತ್ತಗಾಗಿ ಕಾಲಿನ ಮೂಳೆ ಬಾಗುತ್ತದೆ. ಜೊತೆಗೆ ಬಯಲಿನ ಓತಿಯ ಹೊಟ್ಟೆಯಲ್ಲಿ ಜಂತುಹುಳು ಇರುವುದು ಮಾಮೂಲು. ಹೊರಗಡೆ ಹಿಕ್ಕೆ ಒಂದು ಕಡೆ, ಓತಿ ಇನ್ನೊಂದು ಕಡೆ. ಪೆಟ್ಟಿಗೆಯಲ್ಲಿ ತನ್ನ ಹಿಕ್ಕೆಯ ಮೇಲೆಯೇ ಓಡಾಡಿ ಅದೇ ಹುಳುವನ್ನು ಮತ್ತೆ ಒಳಗೆ ತೆಗೆದುಕೊಳ್ಳುತ್ತದೆ. ಇಷ್ಟೆಲ್ಲ ಆದಮೇಲೂ ನಿಮಗೆ ನೋಡಲು ಸಿಗುವುದು ಮೂಲೆಯಲ್ಲಿ ಕಪ್ಪಿಟ್ಟು ಕೂತ ಒಂದು ಪ್ರಾಣಿ. ಅದು ಹೆದರಿಕೆಯ ಬಣ್ಣ.

ಅದಕ್ಕಿಂತ ಒಂದು ಗೂಟ ನೆಡಿ.

ಗೂಟ ಎಂದರೆ ನೆಲದಿಂದ ಮೇಲೆ ನಾಲ್ಕೈದು ಅಡಿ, ನೆಲದೊಳಗೆ ಒಂದೂವರೆ ಅಡಿ, ಮಣಿಕಟ್ಟಿನಷ್ಟು ದಪ್ಪ. ತೊಗಟೆ ಉಳಿದಿರಬೇಕು, ಉಗುರಿಗೆ ಹಿಡಿತ ಬೇಕು. ಗೊಬ್ಬರದ ಗಿಡದ ಕೊಂಬೆ ಸುಲಭವಾಗಿ ಸಿಗುತ್ತದೆ. ಹಸಿಯಾಗಿ ನೆಟ್ಟರೆ ಚಿಗುರಿಬಿಡುತ್ತದೆ, ಅದೂ ಲಾಭವೇ. ಪಿವಿಸಿ ಪೈಪು ಜಾರುತ್ತದೆ. ಕಬ್ಬಿಣದ ಆಂಗಲ್ ಬೆಳಗ್ಗೆ ಪರವಾಗಿಲ್ಲ, ಹತ್ತು ಗಂಟೆಯ ಮೇಲೆ ಕೈ ಇಡಲಾಗದಷ್ಟು ಕಾಯುತ್ತದೆ. ಗೂಟದ ತುದಿಗೆ ಬೆಳಗಿನ ಬಿಸಿಲು ಎಂಟು ಗಂಟೆಯೊಳಗೆ ಬೀಳುವ ಜಾಗ ನೋಡಿ. ದಾಸವಾಳವೋ ಕರಿಬೇವೋ, ಒಂದು ದಟ್ಟ ಗಿಡ ಮೂರಡಿಯೊಳಗೆ ಇರಲಿ. ಬಯಲ ನಡುವೆ ಒಂಟಿ ಗೂಟ ನೆಟ್ಟರೆ ಅದರ ಮೇಲೆ ಕೂರುವುದು ಕಾಜಾಣ, ಓತಿಯಲ್ಲ. ಎರಡು ಗೂಟ ನೆಡುವುದಾದರೆ ಒಂದರಿಂದ ಇನ್ನೊಂದು ಕಾಣದ ಹಾಗೆ ನಡುವೆ ಗಿಡ ಬರಲಿ. ಒಂದು ಗಂಡಿಗೆ ಎರಡೂ ಕಂಡರೆ ಎರಡೂ ತನ್ನದೇ ಎಂದುಕೊಳ್ಳುತ್ತದೆ.

ಮೇವಿನ ಚಿಂತೆ ಬೇಡ. ಮೂರಡಿಗೆ ಮೂರಡಿ ತರಗೆಲೆ ರಾಶಿ ಹಾಕಿ, ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಇರುವೆ, ಜಿರಲೆಮರಿ, ಮಿಡತೆ ತಾವಾಗಿ ಸೇರುತ್ತವೆ. ಔಷಧಿ ಹೊಡೆಯುವ ಹಿತ್ತಲಾದರೆ ಈ ಪೋಸ್ಟ್ ಇಲ್ಲಿಗೇ ಬಿಡಿ. ಬೇಸಿಗೆಯಲ್ಲಿ ಬೆಳಗ್ಗೆ ಗೂಟದ ಪಕ್ಕದ ಗಿಡದ ಎಲೆಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಹನಿಸಿ, ಓತಿಯ ಮೈಮೇಲಲ್ಲ.

ಕೊಲ್ಲುವ ಸಂಗತಿಗಳಲ್ಲಿ ಮೊದಲನೆಯದು ಬೆಕ್ಕು, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಎರಡನೆಯದು ತರಕಾರಿ ಪಾತಿಗೆ ಹಾಸುವ ನೈಲಾನ್ ಬಲೆ. ಓತಿಯ ಹುರುಪೆಗಳು ಹಿಂದಕ್ಕೆ ಬಾಗಿ ಮುಳ್ಳಿನ ಹಾಗೆ ನಿಂತಿರುತ್ತವೆ. ಮುಂದಕ್ಕೆ ನುಗ್ಗುವಾಗ ಬಲೆ ಸಲೀಸಾಗಿ ಜಾರುತ್ತದೆ, ಹಿಂದಕ್ಕೆ ಬರುವಾಗ ಕಚ್ಚಿಕೊಳ್ಳುತ್ತದೆ. ಸಿಕ್ಕಿಬಿದ್ದದ್ದನ್ನು ಬಾಲದ ಕಡೆಯಿಂದ ಎಳೆದರೆ ಚರ್ಮವೇ ಕಿತ್ತು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಮೈ ಸುತ್ತಿ, ಕಣ್ಣು ಮುಚ್ಚಿ, ಉಗುರು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ, ಕುತ್ತಿಗೆಯ ಎಳೆ ಮೊದಲು. ಕಚ್ಚಿದರೆ ಚಿವುಟಿದಷ್ಟು ನೋವು, ಅಷ್ಟೇ. ವಿಷವಿಲ್ಲ, ರಕ್ತ ಹೀರುವುದೂ ಇಲ್ಲ. ಗಂಡಿನ ಕೆಂಪು ಕುತ್ತಿಗೆ ನೋಡಿ ಹುಟ್ಟಿದ ಕಥೆ ಅದು. ಬಾಲ ಮಾತ್ರ ಜೋಪಾನ. ಹಲ್ಲಿಯಂತೆ ಇದು ಬಾಲ ಕಳಚಿ ಓಡುವ ಜಾತಿಯಲ್ಲ, ತುಂಡಾದರೆ ಮತ್ತೆ ಬೆಳೆಯುವುದಿಲ್ಲ. ತೆರೆದ ಸಂಪು, ಡ್ರಮ್ಮು, ಬಕೆಟ್‌ಗಳಿಗೆ ಒಂದು ಒರಟು ಕೋಲು ಓರೆಯಾಗಿ ಇಳಿಬಿಡಿ, ಬಿದ್ದದ್ದು ಹತ್ತಿ ಬರುತ್ತದೆ.

ಇನ್ನು ನೋಡುವುದು. ಬೆಳಗ್ಗೆ ಎಂಟರಿಂದ ಹತ್ತೂವರೆ ಒಳ್ಳೆಯ ಹೊತ್ತು. ಐದು ಮೀಟರ್ ದೂರದಲ್ಲಿ, ನಿಮ್ಮ ನೆರಳು ಗೂಟದ ಕಡೆ ಚಾಚದ ಹಾಗೆ ಮಣೆ ಹಾಕಿ ಕೂತುಬಿಡಿ. ನಿಂತ ಮನುಷ್ಯನಿಗಿಂತ ಕೂತ ಮನುಷ್ಯನನ್ನು ಅದು ಬೇಗ ಮರೆಯುತ್ತದೆ. ನೇರ ನಡೆದುಹೋದರೆ ಗೂಟದ ಹಿಂದಕ್ಕೆ ಸರಿಯುತ್ತದೆ. ನೀವು ಸುತ್ತಿದಷ್ಟೂ ಅದೂ ಸುತ್ತುತ್ತದೆ, ಅಳಿಲಿನ ಹಾಗೆ. ಆಗ ನೀವು ಕದಲಬೇಡಿ, ಆಚೆ ಕಡೆಯಿಂದ ಇನ್ನೊಬ್ಬರನ್ನು ನಡೆದು ಬರಲು ಹೇಳಿ. ಓತಿ ತಾನಾಗಿಯೇ ನಿಮ್ಮ ಕಡೆಗೆ ತಿರುಗಿ ಬರುತ್ತದೆ. 8x42 ಬೈನಾಕ್ಯುಲರ್ (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು, ಆದರೆ ಎರಡು ಮೀಟರಿಗೂ ಫೋಕಸ್ ಆಗುವಂಥದ್ದು ಬೇಕು. ಹಕ್ಕಿ ನೋಡುವವರ ಹಳೆಯ ಗ್ಲಾಸುಗಳು ಎಷ್ಟೋ ಸಲ ಇಲ್ಲಿ ಕೈಕೊಡುತ್ತವೆ.

ಗಂಡು ಮೊದಲು ಮೈಯನ್ನು ಬಿಸಿಲಿಗೆ ಅಡ್ಡಲಾಗಿ ಚಪ್ಪಟೆ ಮಾಡುತ್ತದೆ. ಕಾದ ಮೇಲೆ ಮುಂಗಾಲು ನೆಟ್ಟಗೆ ಮಾಡಿ ದಂಡ ಹೊಡೆಯಲು ಶುರು. ಮಳೆಗಾಲದ ಹೊಸ್ತಿಲಲ್ಲಾದರೆ ತಲೆ, ಹೆಗಲು ಕೆಂಪೇರಿ, ಗಂಟಲು ಕಪ್ಪಾಗಿ ಉಬ್ಬುತ್ತದೆ. ಈ ಕೆಂಪು ಹಚ್ಚಿದ ಬಣ್ಣವಲ್ಲ. ಕಾಗೆಯ ನೆರಳು ಹಾದರೆ ಸಾಕು, ನೋಡನೋಡುತ್ತ ಇಳಿದು ಮಾಸಲು ಕಂದಾಗುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ‘ಕೆಂಪು ಓತಿ’ ಎಂದು ಬರೆಯುವುದು ಉಪಯೋಗವಿಲ್ಲ. ಎಷ್ಟು ಗಂಟೆಗೆ ಎಲ್ಲೆಲ್ಲಿ ಕೆಂಪಿತ್ತು, ಎದುರಿಗೆ ಇನ್ನೊಂದು ಗಂಡಿತ್ತೋ ಹೆಣ್ಣಿತ್ತೋ, ಒಂದೇ ಸರದಿಯಲ್ಲಿ ಎಷ್ಟು ದಂಡ ಹೊಡೆಯಿತು, ನೆಲದಿಂದ ಎಷ್ಟು ಅಡಿ ಎತ್ತರ — ಇಷ್ಟು ಬರೆಯಿರಿ. ಬಣ್ಣ ಬದಲಿಸುತ್ತದೆ ಎಂದು ಇದನ್ನು ಗೋಸುಂಬೆ ಎನ್ನುವವರಿದ್ದಾರೆ. ಗೋಸುಂಬೆ ಬೇರೆ, ಅದರ ಬಾಲ ಸುರುಳಿ, ಕಾಲು ಇಕ್ಕಳದ ಹಾಗೆ. ಗುರುತಿಗೆ ಬಣ್ಣದ ಚುಕ್ಕೆ ಇಡುವುದು, ಬೆರಳ ತುದಿ ಕತ್ತರಿಸುವುದು ಹವ್ಯಾಸಿಗಳ ಕೆಲಸವಲ್ಲ. ಮುರಿದ ಬಾಲದ ತುದಿ, ಬೆನ್ನಿನ ಗರಗಸದಲ್ಲಿ ಹೋದ ಮುಳ್ಳು, ಕೆನ್ನೆಯ ಗಾಯ, ಎರಡೂ ಪಕ್ಕದ ಫೋಟೊ ಇದ್ದರೆ ಒಂದು ಹಿತ್ತಲಿನ ಆರೇಳು ಓತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು.

ಇನ್‌ಫ್ರಾರೆಡ್ ಥರ್ಮಾಮೀಟರ್ (ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಯಂತ್ರ) ಬಗ್ಗೆ ಒಂದು ಮಾತು, ಯಾಕೆಂದರೆ ತಪ್ಪು ಅಂಕಿ ಬರೆದಿಡುವವರೇ ಹೆಚ್ಚು. ಮೇಲೆ 12:1 ಎಂದು ಬರೆದಿರುತ್ತದಲ್ಲ, ಅದರ ಅರ್ಥ 12 ಸೆಂ.ಮೀ. ದೂರದಿಂದ 1 ಸೆಂ.ಮೀ. ಅಗಲದ ಜಾಗವನ್ನು ಅಳೆಯುತ್ತದೆ ಎಂದು. 120 ಸೆಂ.ಮೀ. ದೂರದಿಂದ ಗುರಿಯಿಟ್ಟರೆ 10 ಸೆಂ.ಮೀ. ಅಗಲ. ಓತಿಯ ಬೆನ್ನು ಎರಡೂವರೆ ಸೆಂ.ಮೀ. ಇದ್ದರೆ ಹೆಚ್ಚು. ಉಳಿದದ್ದೆಲ್ಲ ಗೂಟ, ಎಲೆ, ಹಿಂದಿನ ಗೋಡೆ. ಕೆಂಪು ಚುಕ್ಕೆ ಬೆನ್ನ ಮೇಲೇ ಇದೆಯಲ್ಲ ಎನ್ನಬೇಡಿ, ಚುಕ್ಕೆ ಗುರಿ ತೋರಿಸುತ್ತದೆ, ಅಳತೆಯ ಅಗಲವನ್ನಲ್ಲ. ಓತಿ ಎದ್ದುಹೋದ ತಕ್ಷಣ ಅದು ಕೂತಿದ್ದ ತೊಗಟೆಯನ್ನು ಹತ್ತು ಸೆಂ.ಮೀ. ದೂರದಿಂದ ಅಳೆದು ‘ಗೂಟದ ಬಿಸಿ’ ಎಂದೇ ಬರೆಯಿರಿ. ಅದು ನಿಜವಾದ ಅಂಕಿ. ಹೊಳೆಯುವ ತಗಡಿನ ಮೇಲಂತೂ ಈ ಯಂತ್ರ ಸುಳ್ಳನ್ನೇ ಹೇಳುತ್ತದೆ.

ಎಷ್ಟು ಓತಿ ಇವೆ ಎಂದು ಲೆಕ್ಕ ಬೇಕಾದರೆ ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹೋಗಿ. ಸಪೂರ ರೆಂಬೆಗೆ ಮೈ ಉದ್ದುದ್ದ ಒರಗಿಸಿ, ಕಣ್ಣು ಮುಚ್ಚಿ, ಬಿಳಿಚಿಕೊಂಡು ಮಲಗಿರುತ್ತವೆ, ಎಲೆಗಳ ನಡುವೆ ಬೆಳಕಿಗೆ ಎದ್ದು ಕಾಣುತ್ತವೆ. ಒಂದರ ಮೇಲೆ ಬೆಳಕು ಐದು ಸೆಕೆಂಡ್ ಸಾಕು. ರೆಂಬೆ ಮುಟ್ಟಿದರೆ ಕತ್ತಲಲ್ಲಿ ಕೆಳಗೆ ಬೀಳುತ್ತದೆ, ಬಿದ್ದದ್ದಕ್ಕೆ ಆ ರಾತ್ರಿ ನೆಲೆಯಿಲ್ಲ. ಕಾಲಿಗೆ ಬೂಟು ಇರಲೇಬೇಕು. ಕೊಳಕುಮಂಡಲ, ಕಟ್ಟುಹಾವು ಓಡಾಡುವುದೂ ಅದೇ ಹೊತ್ತಿಗೆ, ತರಗೆಲೆ ರಾಶಿ ಹಾಕಿದವರು ನೀವೇ.

ಈಗ ಓತಿ ಮೊಟ್ಟೆಯಿಡುವ ಪಾತಿ. ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಬಸುರಿ ಹೆಣ್ಣುಗಳು ಗಿಡ ಬಿಟ್ಟು ಇಳಿಯುತ್ತವೆ. ಹೊಟ್ಟೆಯ ಪಕ್ಕದಲ್ಲಿ ಮೊಟ್ಟೆಗಳ ಉಬ್ಬು ಚರ್ಮದ ಮೇಲಿಂದಲೇ ಕಾಣುತ್ತದೆ. ಇವಕ್ಕಾಗಿ ಏಪ್ರಿಲ್ ಹೊತ್ತಿಗೇ ಎರಡಡಿ ಚೌಕದ ಜಾಗ ಅಗೆದು, ಒಂದು ಗೇಣು ಆಳಕ್ಕೆ ಮೂರು ಪಾಲು ಕೆಮ್ಮಣ್ಣು, ಎರಡು ಪಾಲು ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸಿ ತುಂಬಿಡಿ. ಸುತ್ತಲ ನೆಲಕ್ಕಿಂತ ಎರಡಿಂಚು ಎತ್ತರ ಇರಲಿ, ಇಲ್ಲದಿದ್ದರೆ ಜೂನ್ ಮಳೆಗೆ ನೀರು ನಿಂತು ಮೊಟ್ಟೆ ಕೊಳೆಯುತ್ತವೆ. ಹದ ನೋಡಲು ಒಂದು ಹಿಡಿ ಹಿಸುಕಿ. ಉಂಡೆ ಆಗಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು.

ಹೆಣ್ಣು ಒಂದೆರಡು ಕಡೆ ಕೆರೆದು ಬಿಡುತ್ತದೆ. ಬೇರೋ ಕಲ್ಲೋ ಸಿಕ್ಕರೆ ಅಲ್ಲಿಗೆ ಕೈಬಿಟ್ಟು ಇನ್ನೊಂದು ಕಡೆ. ಹಿಡಿಸಿದ ಜಾಗದಲ್ಲಿ ಮುಂಗಾಲಿನಿಂದ ತೋಡಿ, ಹಿಂಭಾಗವನ್ನು ಗುಂಡಿಗೆ ಇಳಿಸಿ, ಹತ್ತರಿಂದ ಇಪ್ಪತ್ತರವರೆಗೆ ಮೆತ್ತನೆ ಸಿಪ್ಪೆಯ ಬಿಳಿ ಮೊಟ್ಟೆ ಇಡುತ್ತದೆ. ಆಮೇಲೆ ಮಣ್ಣೆಳೆದು ಮುಚ್ಚಿ, ಮೂತಿಯನ್ನೇ ಒನಕೆ ಮಾಡಿಕೊಂಡು ಕುಟ್ಟುತ್ತದೆ. ಮುಖವೆಲ್ಲ ಕೆಸರು. ಕುಟ್ಟಿ ಮುಗಿದ ಮೇಲೆ ಒಂದು ತರಗೆಲೆ ಅತ್ತ ಇತ್ತ ಸರಿದರೆ ಜಾಗ ನಿಮಗೂ ಗೊತ್ತಾಗುವುದಿಲ್ಲ. ಅದಕ್ಕೇ ದೂರದಿಂದಲೇ ಎರಡು ಗುರುತು ನೋಡಿಟ್ಟುಕೊಂಡು, ಓತಿ ಹೋದ ಮೇಲೆ ಒಂದಡಿ ಪಕ್ಕದಲ್ಲಿ ಕಡ್ಡಿ ಚುಚ್ಚಿ. ಮೊಟ್ಟೆಯ ಮೇಲೆಯೇ ಚುಚ್ಚುವವರಿದ್ದಾರೆ, ಅದಕ್ಕೆ ಹೇಳಿದೆ.

ಗೊತ್ತಿಲ್ಲದೆ ಅಗೆದು ಮೊಟ್ಟೆ ಹೊರಬಂದರೆ ತಿರುಗಿಸಬೇಡಿ. ಕೋಳಿಮೊಟ್ಟೆಯ ಹಾಗಲ್ಲ ಇದು. ಒಳಗಿನ ಪಿಂಡ ಮೇಲ್ಭಾಗದ ಪೊರೆಗೆ ಅಂಟಿಕೊಂಡಿರುತ್ತದೆ, ತಲೆಕೆಳಗಾದರೆ ಸಾಯಬಹುದು. ಮೇಲ್ಮುಖಕ್ಕೆ ಪೆನ್ಸಿಲ್‌ನಿಂದ ಮೆಲ್ಲಗೆ ಗುರುತು ಹಾಕಿ, ಅದೇ ಮುಖ ಮೇಲಾಗಿ, ಅದೇ ಆಳಕ್ಕೆ ಇಟ್ಟು ಮುಚ್ಚಿ. ಮೊಟ್ಟೆ ಮಣ್ಣಿನ ತೇವ ಹೀರಿ ದಿನ ಕಳೆದಂತೆ ಉಬ್ಬುತ್ತದೆ, ಗುಳಿ ಬಿದ್ದಿದ್ದರೆ ಪಾತಿ ಒಣಗಿದೆ ಎಂದರ್ಥ. ಇರುವೆ ಸಾಲು ಪಾತಿಗೆ ಹತ್ತಿದ್ದರೆ ಪುಡಿ ಗಿಡಿ ಹಾಕಬೇಡಿ, ಸಾಲು ಬರುವ ಕಡೆ ಮಾತ್ರ ಬೂದಿ ಎಳೆಯಿರಿ.

ಆರೇಳು ವಾರಕ್ಕೆ ಮರಿ ಬರುತ್ತವೆ. ಬಾಲ ಬಿಟ್ಟು ಅಳೆದರೆ ಎರಡೂವರೆ ಸೆಂ.ಮೀ. ಆಸುಪಾಸು, ಹುಟ್ಟಿದ ದಿನವೇ ಇರುವೆ ಹಿಡಿಯುತ್ತವೆ. ದೊಡ್ಡ ಓತಿಗೆ ಮರಿಯೂ ಮೇವೇ, ತಾಯಿ ಎಂಬ ಸಂಬಂಧ ಅಲ್ಲಿಲ್ಲ. ಹಾಗಾಗಿ ಪಾತಿಯ ಸುತ್ತ ಗರಿಕೆಯನ್ನು ಮೊಣಕಾಲೆತ್ತರಕ್ಕೆ ಬೆಳೆಯಲು ಬಿಡಿ, ಬ್ರಷ್ ಕಟರ್ ಆ ಕಡೆ ಸುಳಿಯದಿರಲಿ. ಹೆಣ್ಣುಗಳು ಮಳೆಗಾಲದುದ್ದಕ್ಕೂ ಮೊಟ್ಟೆಯಿಡುವುದರಿಂದ ಒಂದು ತಂಡ ಹೊರಬಂತೆಂದು ಪಾತಿಗೆ ಗುದ್ದಲಿ ಹಾಕಬಾರದು. ಹೊಸ ಮಣ್ಣು ತುಂಬುವುದಿದ್ದರೆ ದೀಪಾವಳಿ ಕಳೆದು, ಚಳಿ ಕೂತ ಮೇಲೆ.