ಹೆಲಿಕಾಪ್ಟರ್ ವಿಷಯ ಬರೀರಿ

"ನಮ್ಮ ಮನೆ ವಿಷಯ ಬರೀಬೇಡಿ ಡಾಕ್ಟರೇ. ಹೆಲಿಕಾಪ್ಟರ್ ಬರಲಿಲ್ಲ ಅಲ್ವಾ, ಅದನ್ನ ಬರೀರಿ."

ಮೊನ್ನೆ ನಡುರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹಿರಿಯರು ಹೇಳಿದ ಮಾತಿದು. ನಾನು ಕೇಸ್ ಶೀಟ್ ಬರೆಯುತ್ತಿದ್ದೆ. ಮಂಗಳೂರಿನಲ್ಲಿ ಓದುವ ಇಲ್ಲಿನ ಹುಡುಗನೊಬ್ಬ ನಾನು ಕನ್ನಡದಲ್ಲಿ ಬರೆಯುವ ಸುದ್ದಿಯನ್ನು ಊರಿಗೆಲ್ಲ ಹೇಳಿದ್ದಾನೆ. ಅವರ ದನಿಯಲ್ಲಿ ಕೋಪ ಇರಲಿಲ್ಲ. ಆದರೂ ಆ ಮಾತು ನನ್ನನ್ನು ಬಿಡುತ್ತಿಲ್ಲ.

ರೋಗಿಗೆ ಏನಾಗಿತ್ತು ಅಂತ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕೂತು ಬರೆಯುವ ಡಾಕ್ಟರು ಹೆಸರು ಬದಲಿಸಿದರೆ ಸಾಕು. ಲಕ್ಷದ್ವೀಪದ ಈ ಪುಟ್ಟ ಊರಿನಲ್ಲಿ ಯಾರ ಮನೆಯ ಸ್ಟ್ರೆಚರ್ ಹೊರಟಿತು ಅನ್ನುವುದು ಬೆಳಗಿನ ನಮಾಜಿಗೆ ಮುಂಚೆಯೇ ಎಲ್ಲರಿಗೂ ಗೊತ್ತಾಗಿರುತ್ತದೆ.

ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಲು ಹೆಲಿಕಾಪ್ಟರ್ ಕೇಳಿದ್ದು ಸಂಜೆ. ಮೋಡ ತೆಂಗಿನ ತಲೆಗೆ ತಾಗುವಷ್ಟು ಕೆಳಗಿತ್ತು. ಪೈಲಟ್‌ಗಳನ್ನು ದೂರಲಾರೆ, ಅವರೂ ಮನುಷ್ಯರೇ. ದೋಣಿಯಲ್ಲಿ ಕಳಿಸೋಣವೆಂದರೆ ಮಳೆಗಾಲದಲ್ಲಿ ಹವಳದ ದಿಬ್ಬದ ಸಂದಿಯಲ್ಲಿ ಅಲೆ ಎದ್ದು ಒಡೆಯುತ್ತದೆ. ಲಕ್ಷದ್ವೀಪದಲ್ಲಿ ಜನ ಇರುವ ದ್ವೀಪಗಳು 10, ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಕೇಸ್ ಶೀಟಿನ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಂದರ ಬದಲು ಎರಡು ಐವಿ ಲೈನ್ ಹಾಕಿ, ಕಾದೆವು. ಬೆಳಿಗ್ಗೆ ಮೋಡ ಸರಿಯಿತು, ಹೆಲಿಕಾಪ್ಟರ್ ಬಂತು. ಹುಡುಗರು ಟಾರ್ಪಾಲು ಹಿಡಿದು ಸ್ಟ್ರೆಚರ್ ಹೊತ್ತು ಓಡಿದರು. ಕರೆಯದೆಯೇ ಬಂದವರು. ದಿನವಿಡೀ ಮೊಬೈಲ್ ನೋಡ್ತಾರೆ ಅಂತ ಇವರನ್ನು ಬೈಯುವವರು ಆ ಓಟವನ್ನು ನೋಡಬೇಕಿತ್ತು. ರೋಗಿ ಈಗ ಚೆನ್ನಾಗಿದ್ದಾರೆ.

ಬರೀಬೇಡಿ, ಬರೀರಿ. ಒಂದೇ ಉಸಿರಿನಲ್ಲಿ ಎರಡೂ. ನಮ್ಮ ಸಂಕಟ ನಿಮ್ಮ ಕತೆಯಲ್ಲ, ಕಾಯಬೇಕಾಗಿ ಬಂದದ್ದು ಮಾತ್ರ ಎಲ್ಲರಿಗೂ ಗೊತ್ತಾಗಲಿ ಅಂದರು ಅವರು. ಬರೆಯುವವರಿಗೆ ಇಷ್ಟು ಸರಿಯಾಗಿ ಗೆರೆ ಎಳೆದು ಕೊಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮ ಅಮಿನ್‌ದಿವಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಲ್ಲಿನ ತೆಂಗಿನ ನಾರಿನ ಹಗ್ಗ ಹಾಯಿದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು, ಅಲ್ಲಿಂದ ಅಕ್ಕಿ ಬರುತ್ತಿತ್ತು. ಮಳೆಗಾಲ ಬಂತೆಂದರೆ ದೋಣಿಗಳನ್ನು ದಡಕ್ಕೆ ಎಳೆದಿಟ್ಟು ಕಾಯುತ್ತಿದ್ದರು. ಹಾಗಾಗಿ ಕಾಯುವುದು ಇವರಿಗೆ ಗೊತ್ತು ಅಂತ ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಅದು ನನಗೆ ಸಿಟ್ಟು ಬರಿಸುತ್ತದೆ. ಅಕ್ಕಿಗೆ ಕಾಯುವುದೂ, ಉಸಿರಿಗೆ ಕಾಯುವುದೂ ಒಂದೇನಾ?

ನೀಲಿ ನೀರಿನ ಫೋಟೋ ಕಳಿಸು ಅನ್ನುವ ಗೆಳೆಯರಿಗೆ ಈ ಸಲ ಈ ಬರಹ ಕಳಿಸುತ್ತೇನೆ. ಪ್ರತಿ ದ್ವೀಪದಲ್ಲೂ ದೊಡ್ಡ ಆಸ್ಪತ್ರೆ ಕಟ್ಟಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಸಮುದ್ರ ಮುಚ್ಚುವ ಆ ಕೆಲವು ತಿಂಗಳಾದರೂ ಆಪರೇಷನ್ ಮಾಡುವವರು, ಅರಿವಳಿಕೆ ಕೊಡುವವರು ಇಲ್ಲೇ ಇರಬೇಕು. ಮೋಡ ಸರಿಯುವುದನ್ನು ನಂಬಿಕೊಂಡು ಚಿಕಿತ್ಸೆ ಮಾಡುವಂತಾಗಬಾರದು.